ಕೋಚ್ ಕೈಯಲ್ಲಿ ಎಷ್ಟಿದೆ? ಅಮೆರಿಕದ ಕಾಲೇಜು ಫುಟ್‌ಬಾಲಿನ ಮೂರು ದಾಖಲೆ, ಎರಡು ಬಸ್ಸು

1/10

ಫುಟ್‌ಬಾಲ್ ಅಂದ ತಕ್ಷಣ ಮೆಸ್ಸಿ, ಸುನಿಲ್ ಛೇತ್ರಿ ಅಂತ ಹೋಗ್ಬೇಡಿ. ಈ ಸರಣಿಯಲ್ಲಿ ಬರೋದು ಅಮೆರಿಕದ ಫುಟ್‌ಬಾಲು. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು, ಚೆಂಡು ಹಿಡಿದು ಓಡೋನನ್ನ ಎದುರಿನವರು ಬಂದು ಕೆಡವೋ ಆಟ. ಆ ದೇಶದಲ್ಲಿ ಈ ಆಟ ಹುಟ್ಟಿ ಬೆಳೆದದ್ದು ಕಾಲೇಜುಗಳಲ್ಲಿ. ಇವತ್ತಿಗೂ ಶನಿವಾರ ಬಂತು ಅಂದ್ರೆ ಒಂದೊಂದು ಕಾಲೇಜು ಮೈದಾನದಲ್ಲಿ ಲಕ್ಷ ಜನ ಸೇರ್ತಾರೆ.

ನನ್ನನ್ನ ಈ ಕತೆಗೆ ಎಳೆದದ್ದು ಒಂದು ಸಣ್ಣ ಪ್ರಶ್ನೆ. ಹುಡುಗ 18ಕ್ಕೆ ಕಾಲೇಜಿಗೆ ಬರ್ತಾನೆ. 22ಕ್ಕೆ ಹೊರಗೆ ಹೋಗ್ತಾನೆ. ಬಂದಾಗ ಬೆಳಿಗ್ಗೆ ಏಳೋದಕ್ಕೆ ಅಮ್ಮ ಬೇಕಿತ್ತು, ಹೋಗುವಾಗ ಗಟ್ಟಿ ಆಳು. ಊರೆಲ್ಲಾ ಹೇಳುತ್ತೆ, "ಕೋಚ್ ಇವನನ್ನ ಮನುಷ್ಯನನ್ನಾಗಿ ಮಾಡಿದ್ರು" ಅಂತ. ಸರಿ. ಆದ್ರೆ ಆ ನಾಲ್ಕು ವರ್ಷ ಅವನು ಊರಲ್ಲಿ ಹಿಟ್ಟಿನ ಗಿರಣಿ ನಡೆಸಿದ್ರೂ ಅವನಿಗೆ 22 ಆಗ್ತಿತ್ತು. ಮೀಸೆ ಬರ್ತಿತ್ತು, ಸಾಲ ಅಂದ್ರೇನು ಅಂತ ಗೊತ್ತಾಗ್ತಿತ್ತು. ಹಾಗಾದ್ರೆ ಮಾಗಿದ್ದರಲ್ಲಿ ಕೋಚ್ ಪಾಲೆಷ್ಟು, ವಯಸ್ಸಿನ ಪಾಲೆಷ್ಟು?

ನಮ್ಮ ಮನೆಗಳಲ್ಲಿ ಮಾವಿನಕಾಯಿನ ಹುಲ್ಲಿನಲ್ಲಿಟ್ಟು ಹಣ್ಣು ಮಾಡ್ತಾರಲ್ಲ, ಹಾಗೆ. ಹುಲ್ಲು ಹಣ್ಣು ಮಾಡ್ತೋ, ಕಾಯಿನೇ ಹಣ್ಣಾಯ್ತೋ?

ಮೂರು ಸಂಖ್ಯೆ ನೆನಪಿಟ್ಕೊಳ್ಳಿ: 323, 408, 489. ಮೂರು ಕೋಚ್‌ಗಳು ಗೆದ್ದ ಪಂದ್ಯಗಳು. ಒಬ್ಬರ ದಾಖಲೆ ಇನ್ನೊಬ್ಬರು ಮುರಿದರು. ಹುಡುಗರನ್ನ ಬೆಳೆಸೋದು ಹೇಗೆ ಅನ್ನೋದರಲ್ಲಿ ಮಾತ್ರ ಒಬ್ಬರಿಗೂ ಇನ್ನೊಬ್ಬರಿಗೂ ತಾಳಮೇಳ ಇಲ್ಲ.

2/10

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದ್ದನ್ನ ಮೊದಲ ಕಾಲೇಜು ಪಂದ್ಯ ಅಂತಾರೆ. ರಟ್ಗರ್ಸ್ 6, ಪ್ರಿನ್ಸ್‌ಟನ್ 4. ಆವತ್ತು ಎರಡೂ ಕಡೆ ಕೋಚ್ ಅನ್ನೋ ಮನುಷ್ಯನೇ ಇರಲಿಲ್ಲ. ಹುಡುಗರೇ ತಂಡ ಕಟ್ಟಿದ್ರು, ಹುಡುಗರೇ ನಿಯಮ ಮಾತಾಡ್ಕೊಂಡ್ರು. ತಂಡದ ಯಜಮಾನ ಅಂದ್ರೆ ಕ್ಯಾಪ್ಟನ್, ಅವನೂ ವಿದ್ಯಾರ್ಥಿನೇ.

ಆಮೇಲೆ ಬಂದವನು ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್. ಈ ಆಟದ ಬಹಳಷ್ಟು ನಿಯಮ ಬರೆದವನು ಅವನೇ. ಹಗಲು ಹೊತ್ತು ಅವನು ಗಡಿಯಾರದ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ. ಪ್ರಾಕ್ಟೀಸಿಗೆ ಹೋಗೋಕೆ ಪುರುಸೊತ್ತಿಲ್ಲ. ಅವನ ಹೆಂಡತಿ ಆಲಿಸ್ ಮೈದಾನಕ್ಕೆ ಹೋಗಿ ನೋಡಿ ಗುರುತು ಹಾಕ್ಕೊಂಡು ಬಂದು ಹೇಳ್ತಿದ್ಲು, ಸಂಜೆ ಕ್ಯಾಪ್ಟನ್ ಮನೆಗೆ ಬಂದು ಸಲಹೆ ಕೇಳ್ಕೊಂಡು ಹೋಗ್ತಿದ್ದ. (ಮೊದಲ ದೊಡ್ಡ ಕೋಚ್‌ನ ಕಣ್ಣು ಅವನ ಹೆಂಡತಿ! ಈ ಮಾತು ದೊಡ್ಡ ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತೆ.)

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಆಗಬಹುದು. ಪಂದ್ಯ ನಡೆಯುವಾಗ ಗೆರೆಯಾಚೆ ನಿಂತು ಆಟಗಾರರಿಗೆ ಹೇಳಿಕೊಡೋದು ಬಹಳ ಕಾಲ ನಿಯಮಕ್ಕೆ ವಿರುದ್ಧ ಆಗಿತ್ತು. ಅದಕ್ಕೆ ಪೂರ್ತಿ ಅನುಮತಿ ಸಿಕ್ಕಿದ್ದು 1967ರಲ್ಲಿ. ಈ ಆಟ ಹುಡುಗರದು, ಯೋಚನೆ ಅವರೇ ಮಾಡಲಿ ಅನ್ನೋ ಹಳೇ ನಂಬಿಕೆ ಅದರ ಹಿಂದೆ. ಇವತ್ತು ಕಿವಿಗೆ ಹೆಡ್‌ಸೆಟ್ ಹಾಕ್ಕೊಂಡು ಒಂದೊಂದು ಹೆಜ್ಜೆಯನ್ನೂ ಹೇಳೋ ಕೋಚ್‌ನ ನೋಡಿದ್ರೆ, ಇದೇ ಆಟನಾ ಅನ್ಸುತ್ತೆ.

3/10

ಹುಡುಗರನ್ನ ಈ ಆಟ ಗಂಡಸರನ್ನಾಗಿ ಮಾಡುತ್ತೆ ಅನ್ನೋ ಮಾತೂ ಹಳೇದೇ. ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಅದರಲ್ಲಿ ಗಾಢ ನಂಬಿಕೆ. ಆದ್ರೆ ಮೈದಾನದಲ್ಲಿ ಹುಡುಗರು ಸಾಯ್ತಾನೇ ಇದ್ರು. 1905ರಲ್ಲಿ ಅದೇ ಅಧ್ಯಕ್ಷ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನ ಶ್ವೇತಭವನಕ್ಕೆ ಕರೆಸಿ, ಆಟ ಸರಿಮಾಡ್ಕೊಳ್ಳಿ ಅಂದ. ಮುಂದಿನ ವರ್ಷವೇ ಚೆಂಡನ್ನ ಮುಂದಕ್ಕೆ ಎಸೆಯೋದಕ್ಕೆ ಅವಕಾಶ ಬಂತು. ಇವತ್ತು ಎನ್‌ಸಿಎಎ ಅಂತ ಕರೆಯೋ ಆಡಳಿತ ಸಂಸ್ಥೆಯ ಬೇರು ಕೂಡ ಅಲ್ಲೇ.

ಆಟ ದೊಡ್ಡದಾದಂತೆ ಕಾಲೇಜುಗಳು ಸಂಬಳ ಕೊಟ್ಟು ಕೋಚ್‌ಗಳನ್ನ ಇಟ್ಕೊಂಡವು. ಸಂಬಳ ತಗೊಂಡವನು ಗೆಲ್ಲಲೇಬೇಕು. ಗೆಲ್ಲಬೇಕು ಅಂದ್ರೆ ಹುಡುಗರ ಊಟ, ನಿದ್ದೆ, ಕ್ಲಾಸು, ಸ್ನೇಹ ಎಲ್ಲದರ ಮೇಲೂ ಅವನಿಗೆ ಹಿಡಿತ ಬೇಕು. "ನಾನು ಅವರನ್ನ ಬೆಳೆಸ್ತಿದೀನಿ" ಅನ್ನೋ ಮಾತು ಆ ಹಿಡಿತಕ್ಕೆ ಒಳ್ಳೇ ಹೊದಿಕೆ ಆಯ್ತು. ಎಲ್ಲರಲ್ಲೂ ಅದು ಬರೀ ಹೊದಿಕೆ ಆಗಿತ್ತು ಅಂತ ನಾನು ಹೇಳಲ್ಲ. ಕೆಲವರಿಗೆ ಅದು ನಿಜವಾದ ನಂಬಿಕೆ. ನಂಬಿಕೆ ಇದ್ದವರೇ ಕೆಲವು ಸಲ ಜಾಸ್ತಿ ಅಪಾಯ.

ಮುಂದಿನದು ಅಂಥದೇ ಒಂದು ಕತೆ.

4/10

ಪಾಲ್ ಬ್ರಯಂಟ್. ಎಲ್ಲರೂ ಕರೀತಿದ್ದದ್ದು "ಬೇರ್" ಅಂತ, ಕರಡಿ. ಹುಡುಗನಾಗಿದ್ದಾಗ ಜಾತ್ರೆಯಲ್ಲಿ ಕರಡಿ ಜೊತೆ ಕುಸ್ತಿಗೆ ಇಳಿದಿದ್ದನಂತೆ, ಅದಕ್ಕೆ ಆ ಹೆಸರು.

1954ರಲ್ಲಿ ಅವನು ಟೆಕ್ಸಸ್ ಎ ಅಂಡ್ ಎಂ ಕಾಲೇಜಿಗೆ ಕೋಚ್ ಆಗಿ ಬಂದ. ಆಗ ಅದು ಗಂಡುಹುಡುಗರದ್ದೇ ಕಾಲೇಜು, ಸೈನಿಕ ಶಿಸ್ತು. ಸೀಸನ್ ಶುರುವಾಗೋ ಮುಂಚೆ ಹುಡುಗರನ್ನ ಎರಡು ಬಸ್ಸಿಗೆ ತುಂಬಿಸಿ ಜಂಕ್ಷನ್ ಅನ್ನೋ ಸಣ್ಣ ಊರಿಗೆ ಕರ್ಕೊಂಡು ಹೋದ. ಊರಿನ ಹೆಸರೇ ಜಂಕ್ಷನ್, ರೈಲ್ವೆ ಜಂಕ್ಷನ್ ಅಂದ್ಕೋಬೇಡಿ.

ಟೆಕ್ಸಸ್‌ನಲ್ಲಿ ಅವು ಘೋರ ಬರಗಾಲದ ವರ್ಷಗಳು. ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೈದಾನ ಅಂತ ಇದ್ದದ್ದು ಕಲ್ಲು, ಮುಳ್ಳು, ಧೂಳು. ಮಲಗೋಕೆ ತಗಡಿನ ಕೊಟ್ಟಿಗೆಯಂಥ ಗುಡಿಸಲು. ಬೆಳಕು ಹರಿಯೋ ಮುಂಚೆ ಪ್ರಾಕ್ಟೀಸ್ ಶುರು. ಮಧ್ಯೆ ನೀರಿಲ್ಲ.

ನೀರಿಲ್ಲ ಅನ್ನೋದು ಬ್ರಯಂಟ್ ಒಬ್ಬನ ಹುಚ್ಚಲ್ಲ, ಇದನ್ನ ನ್ಯಾಯವಾಗಿ ಹೇಳಬೇಕು. ಆ ಕಾಲದ ಎಷ್ಟೋ ಕೋಚ್‌ಗಳು ಪ್ರಾಕ್ಟೀಸ್ ಮಧ್ಯೆ ನೀರು ಕುಡಿಯೋದು ದೌರ್ಬಲ್ಯ, ಹೊಟ್ಟೆ ಕೆಡುತ್ತೆ ಅಂತ ನಂಬಿದ್ರು. ಆದ್ರೆ ಆ ನಂಬಿಕೆನ ಆ ಬಿಸಿಲಿನಲ್ಲಿ, ಆ ಬರದಲ್ಲಿ ಹತ್ತು ದಿನ ನಡೆಸಿದ್ದು ಅವನು. ಒಬ್ಬ ಹುಡುಗ ಶಾಖಾಘಾತದಿಂದ ಕುಸಿದುಬಿದ್ದು ಸಾಯೋ ಹಂತಕ್ಕೆ ಹೋಗಿ ಬದುಕಿದ.

ಹುಡುಗರು ಬಿಟ್ಟು ಹೋಗೋಕೆ ಶುರು ಮಾಡಿದ್ರು. ಕೆಲವರು ಹೇಳಿ ಹೋದ್ರು, ಕೆಲವರು ರಾತ್ರಿ ಸದ್ದಿಲ್ಲದೆ ಬ್ಯಾಗು ಹಿಡ್ಕೊಂಡು ಹೋದ್ರು. ಎಷ್ಟು ಜನ ಹೋಗಿದ್ರು ಅನ್ನೋದರಲ್ಲಿ ಲೆಕ್ಕ ಒಂದೇ ಥರ ಇಲ್ಲ, ಸುಮಾರು ನೂರು ಅಂತ ಪ್ರತೀತಿ. ವಾಪಸ್ ಬಂದವರು 35ರ ಆಸುಪಾಸು. ಉಳಿದವರಲ್ಲಿ ಒಬ್ಬನಾದ ಜೀನ್ ಸ್ಟಾಲಿಂಗ್ಸ್ ಮುಂದೆ ತಮಾಷೆ ಮಾಡ್ತಿದ್ದ: ಹೋಗುವಾಗ ಎರಡು ಬಸ್ಸು, ಬರುವಾಗ ಒಂದೇ.

5/10

ಈ ಕತೆ ಅಮೆರಿಕದಲ್ಲಿ ಒಂದು ಪುರಾಣ ಆಗಿಬಿಟ್ಟಿದೆ. "ಜಂಕ್ಷನ್ ಬಾಯ್ಸ್" ಅಂತ ಪುಸ್ತಕ ಬಂತು, ಟಿವಿ ಸಿನಿಮಾ ಬಂತು. ಸಾರಾಂಶ ಇಷ್ಟೇ: ಬೆಂಕಿಯಲ್ಲಿ ಬೆಂದವರು ಚಿನ್ನ ಆದ್ರು. ಎರಡು ವರ್ಷದ ನಂತರ, 1956ರಲ್ಲಿ, ತಂಡ ಒಂದೂ ಪಂದ್ಯ ಸೋಲದೆ ತನ್ನ ವಲಯದ ಚಾಂಪಿಯನ್ ಆಯ್ತು. ಸ್ಟಾಲಿಂಗ್ಸ್ ಮುಂದೆ ದೊಡ್ಡ ಕೋಚ್ ಆದ, 1992ರಲ್ಲಿ ಅಲಬಾಮಾಗೆ ರಾಷ್ಟ್ರೀಯ ಪ್ರಶಸ್ತಿ ತಂದ. ಜ್ಯಾಕ್ ಪಾರ್ಡಿ ವೃತ್ತಿಪರ ಆಟಗಾರ ಆದ, ಆಮೇಲೆ ಕೋಚೂ ಆದ.

ಈಗ ನೀವೇ ಲೆಕ್ಕ ಹಾಕಿ ನೋಡಿ.

ಮೊದಲನೇದು, ಜಂಕ್ಷನ್ನಿಂದ ಬಂದ ಆ ಉಕ್ಕಿನ ತಂಡ 1954ರಲ್ಲಿ ಏನು ಮಾಡ್ತು? ಹತ್ತು ಪಂದ್ಯ ಆಡಿ ಒಂಬತ್ತು ಸೋತಿತು. ಬ್ರಯಂಟ್‌ನ ಇಡೀ ಜೀವನದಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇದ್ದ ಸೀಸನ್ ಅದೊಂದೇ.

ಎರಡನೇದು, ಗೆದ್ದ 1956ರ ತಂಡದ ದೊಡ್ಡ ಹೆಸರು ಜಾನ್ ಡೇವಿಡ್ ಕ್ರೋ. ಮುಂದಿನ ವರ್ಷ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಹೈಸ್ಮನ್ ಟ್ರೋಫಿ ಗೆದ್ದವನು. ಅವನು ಜಂಕ್ಷನ್‌ಗೆ ಹೋಗೇ ಇರಲಿಲ್ಲ! ಆಗಿನ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡೋ ಹಾಗಿರಲಿಲ್ಲ, ಹಾಗಾಗಿ ಅವನ ಬ್ಯಾಚನ್ನ ಕರ್ಕೊಂಡು ಹೋಗಲಿಲ್ಲ. ಬೆಂಕಿಗೆ ಬೀಳದ ಹುಡುಗನೇ ಟ್ರೋಫಿ ತಗೊಂಡ.

ಮೂರನೇದು ನನ್ನನ್ನ ಜಾಸ್ತಿ ಕಾಡೋದು. ಆ ಹತ್ತು ದಿನ ಹುಡುಗರನ್ನ ಬೆಳೆಸಿತೋ, ಮೊದಲೇ ಗಟ್ಟಿ ಇದ್ದವರನ್ನ ಆರಿಸಿತೋ? ಜರಡಿ ಹಿಡಿದ್ರೆ ದಪ್ಪ ಕಾಳು ಮೇಲೆ ಉಳಿಯುತ್ತೆ. ಕಾಳು ದಪ್ಪ ಆಗಿದ್ದು ಜರಡಿಯಿಂದ ಅನ್ನೋಕಾಗುತ್ತಾ? ಸ್ಟಾಲಿಂಗ್ಸ್ ಏನಾದ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಬ್ಯಾಗು ಹಿಡ್ಕೊಂಡು ಹೋದ ಅರವತ್ತು ಚಿಲ್ಲರೆ ಹುಡುಗರು ಏನಾದ್ರು? ಪುರಾಣದಲ್ಲಿ ಅವರಿಗೆ ಒಂದೇ ಹೆಸರು, ಬಿಟ್ಟು ಓಡಿದವರು. ಆಗ ಒಂದು ಕಾಲೇಜು ಎಷ್ಟು ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದು ಅನ್ನೋದಕ್ಕೆ ರಾಷ್ಟ್ರಮಟ್ಟದ ಮಿತಿಯೇ ಇರಲಿಲ್ಲ. ಮಿತಿ ಬಂದದ್ದು 1973ರಲ್ಲಿ, 105 ಅಂತ. ಇವತ್ತು ಅರವತ್ತು ಜನ ಎದ್ದು ಹೋದ್ರೆ ಕೋಚ್ ಕೆಲಸ ಹೋಗುತ್ತೆ. ಆವತ್ತು ಅವನಿಗೆ ಕಳ್ಕೊಳ್ಳೋಕೆ ಹುಡುಗರು ಧಾರಾಳ ಇದ್ರು.

ಬ್ರಯಂಟ್ ಬಗ್ಗೆ ಒಂದು ಗೌರವದ ಮಾತು. ಇಪ್ಪತ್ತು ವರ್ಷದ ನಂತರ ಆತ್ಮಕತೆಯಲ್ಲಿ ಅವನೇ ಬರ್ಕೊಂಡಿದಾನೆ: ಈಗಾಗಿದ್ರೆ ಹಾಗೆ ಮಾಡ್ತಿರಲಿಲ್ಲ, ನೀರು, ವಿಶ್ರಾಂತಿ ಬಗ್ಗೆ ಆಗ ನನಗೆ ತಿಳೀತಿರಲಿಲ್ಲ, ನಾನು ಆ ಹುಡುಗರಲ್ಲಿ ಒಬ್ಬನಾಗಿದ್ರೆ ನಾನೂ ಬಿಟ್ಟು ಹೋಗ್ತಿದ್ದೆ ಅಂತ. ಪುರಾಣ ಹೇಳೋರು ಈ ಪುಟ ತಿರುವಿ ಹಾಕೋದೇ ಇಲ್ಲ.

ಅವನು ಅಲಬಾಮಾದಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದು, 323 ಗೆಲುವಿಗೆ 1982ರ ಕೊನೇಲಿ ನಿವೃತ್ತನಾದ. ತಿಂಗಳೊಳಗೆ ತೀರಿಕೊಂಡ.

6/10

408ರ ಒಡೆಯ ಎಡ್ಡಿ ರಾಬಿನ್ಸನ್. ಊರು ಲೂಯಿಸಿಯಾನದ ಗ್ರ್ಯಾಂಬ್ಲಿಂಗ್. ಕರಿಯರಿಗಾಗಿ ಇದ್ದ ಸಣ್ಣ ಕಾಲೇಜು. 1941ರಲ್ಲಿ 22ರ ಹುಡುಗನಾಗಿ ಅಲ್ಲಿಗೆ ಕೋಚ್ ಆಗಿ ಬಂದ. ಅದಕ್ಕೆ ಮುಂಚೆ ಗಂಟೆಗೆ 25 ಸೆಂಟಿಗೆ ಹಿಟ್ಟು-ಮೇವಿನ ಮಿಲ್ಲಲ್ಲಿ ಕೆಲಸ. (ಹಿಟ್ಟಿನ ಗಿರಣಿ ಮಾತು ನಾನು ಮೊದಲೇ ಯಾಕೆ ತಂದೆ ಅಂತ ಈಗ ಗೊತ್ತಾಯ್ತಲ್ಲ.)

ಕೋಚ್ ಅಂದ್ರೆ ಅಲ್ಲಿ ಎಲ್ಲ ಕೆಲಸನೂ. ಮೈದಾನದ ಹುಲ್ಲು ಕತ್ತರಿಸೋನು ಅವನೇ, ಸುಣ್ಣದ ಗೆರೆ ಎಳೆಯೋನು ಅವನೇ, ಪಂದ್ಯದ ವರದಿ ಬರೆದು ಪತ್ರಿಕೆಗೆ ಕಳಿಸೋನೂ ಅವನೇ. ಬೇರೆ ಊರಿಗೆ ಹೋಗುವಾಗ ದಾರಿಯ ಹೋಟೆಲುಗಳಲ್ಲಿ ಕರಿಯರಿಗೆ ಊಟ ಹಾಕಲ್ಲ. ಹಾಗಾಗಿ ಹುಡುಗರಿಗೆ ಸ್ಯಾಂಡ್‌ವಿಚ್ ಮಾಡಿ ಕಟ್ಟಿಕೊಂಡು ಹೋಗೋನೂ ಅವನೇ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ, 1942ರಲ್ಲಿ, ಒಂಬತ್ತಕ್ಕೆ ಒಂಬತ್ತೂ ಗೆದ್ದು, ಎದುರಾಳಿಗಳಿಗೆ ಒಂದು ಅಂಕ ಕೂಡ ಬಿಟ್ಟುಕೊಡಲಿಲ್ಲ.

ಅವನ ಬಗ್ಗೆ ಎಲ್ಲರೂ ಹೇಳೋದು ಗಂಟೆಯ ವಿಷಯ. ಬೆಳಿಗ್ಗೆ ಬೇಗ ಹಾಸ್ಟೆಲಿಗೆ ಬಂದು, ಕೈಯಲ್ಲಿ ಹಸುವಿನ ಕೊರಳಿಗೆ ಕಟ್ಟೋ ಗಂಟೆ ಹಿಡಿದು, ಒಂದೊಂದು ಬಾಗಿಲ ಮುಂದೆ ಬಾರಿಸ್ಕೊಂಡು ಹೋಗ್ತಿದ್ದ. ಪ್ರಾಕ್ಟೀಸಿಗಾಗಿ ಎಬ್ಬಿಸ್ತಿದ್ದ ಅಂದ್ಕೊಂಡ್ರಾ? ಕ್ಲಾಸಿಗೆ.

ಬ್ರಯಂಟ್‌ನ ಹಿಡಿತಕ್ಕೂ ಈ ಹಿಡಿತಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹುಡುಗನ ದಿನದ ಮೇಲೆ ಇಬ್ಬರಿಗೂ ಅಧಿಕಾರ ಇತ್ತು. ಒಬ್ಬ ಯಾರು ಉಳೀತಾರೆ ಅಂತ ನೋಡಿದ, ಇನ್ನೊಬ್ಬ ಯಾರೂ ಉದುರಿಹೋಗಬಾರದು ಅಂತ ನೋಡಿದ. ಗ್ರ್ಯಾಂಬ್ಲಿಂಗ್‌ನಲ್ಲಿ ಉದುರಿಹೋದ ಹುಡುಗನಿಗೆ ಆ ಕಾಲದಲ್ಲಿ ಕಾಯ್ತಿದ್ದದ್ದು ಹತ್ತಿ ಹೊಲ. ಇನ್ನೊಂದು ಬಸ್ಸು ಇರಲಿಲ್ಲ.

7/10

ರಾಬಿನ್ಸನ್ ಕೈಯಡಿ ಆಡಿದ ಇನ್ನೂರಕ್ಕೂ ಹೆಚ್ಚು ಜನ ವೃತ್ತಿಪರ ಫುಟ್‌ಬಾಲಿಗೆ ಹೋದ್ರು. 1949ರಲ್ಲಿ ಪಾಲ್ ಯಂಗರ್ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದಾಗ, ಕರಿಯರ ಕಾಲೇಜೊಂದರಿಂದ ಎನ್‌ಎಫ್‌ಎಲ್‌ಗೆ ಹೋದ ಮೊದಲಿಗ ಅವನೇ. ಆಗ ಆ ಹುಡುಗ ಅಲ್ಲಿ ನಿಲ್ಲದೇ ಇದ್ರೆ ಹಿಂದೆ ಬರೋರಿಗೆಲ್ಲ ಬಾಗಿಲು ಮುಚ್ಚುತ್ತೆ ಅನ್ನೋ ಭಾರ ಅವನ ತಲೆ ಮೇಲೆ.

ಕರಿಯ ಹುಡುಗರಿಗೆ ಕ್ವಾರ್ಟರ್‌ಬ್ಯಾಕ್ ಆಗೋ ತಲೆ ಇಲ್ಲ ಅಂತ ಬಹಿರಂಗವಾಗಿ ಹೇಳದಿದ್ರೂ ಹಾಗೇ ನಡ್ಕೊಳ್ತಿದ್ದ ಕಾಲ ಅದು. (ಕ್ವಾರ್ಟರ್‌ಬ್ಯಾಕ್ ಅಂದ್ರೆ ತಂಡದ ಆಟ ನಡೆಸೋನು, ಬುದ್ಧಿಯ ಜಾಗ.) ರಾಬಿನ್ಸನ್ ಬೇಕೂಂತಲೇ ಕ್ವಾರ್ಟರ್‌ಬ್ಯಾಕ್‌ಗಳನ್ನ ಬೆಳೆಸಿದ. 1988ರ ಜನವರಿ 31ರ ಸೂಪರ್ ಬೌಲ್‌ನಲ್ಲಿ ಅವನ ಶಿಷ್ಯ ಡಗ್ ವಿಲಿಯಮ್ಸ್ ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್ ಎಸೆದ. ವಾಷಿಂಗ್ಟನ್ 42, ಡೆನ್ವರ್ 10. ಸೂಪರ್ ಬೌಲ್ ಗೆದ್ದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಅವನು.

ಇಲ್ಲಿಗೆ ನಿಲ್ಲಿಸಿದ್ರೆ ಇದೂ ಇನ್ನೊಂದು ಪುರಾಣ. ನಿಲ್ಲಿಸಬಾರದು.

ರಾಬಿನ್ಸನ್‌ಗೆ ಅಂಥ ಹುಡುಗರು ಯಾಕೆ ಸಿಕ್ತಿದ್ರು? ಪಕ್ಕದ ದೊಡ್ಡ ಬಿಳಿಯರ ಕಾಲೇಜುಗಳು ಅವರನ್ನ ತಗೊಳ್ತಿರಲಿಲ್ಲ. ಬ್ರಯಂಟ್‌ನ ಅಲಬಾಮಾ ತಂಡದಲ್ಲಿ ಮೊದಲ ಕರಿಯ ಆಟಗಾರರು ಮೈದಾನಕ್ಕೆ ಇಳಿದದ್ದು 1971ರಲ್ಲಿ. ಆ ಬಾಗಿಲು ತೆರೀತಿದ್ದ ಹಾಗೆ, ಮೊದಲು ಗ್ರ್ಯಾಂಬ್ಲಿಂಗ್‌ಗೆ ಬರ್ತಿದ್ದ ಹುಡುಗರು ಲಕ್ಷ ಜನ ಕೂರೋ ಮೈದಾನಗಳ ಕಡೆ ಹೋದ್ರು. ಅದು ನ್ಯಾಯವೇ, ಅವರ ಹಕ್ಕು. 1985ರಲ್ಲಿ ರಾಬಿನ್ಸನ್ 324ನೇ ಪಂದ್ಯ ಗೆದ್ದು ಬ್ರಯಂಟ್ ದಾಖಲೆ ಮುರಿದ. ಆದ್ರೆ 1995, 96, 97, ಈ ಕೊನೇ ಮೂರು ಸೀಸನ್ ಗೆಲುವಿಗಿಂತ ಸೋಲೇ ಜಾಸ್ತಿ.

ಅದೇ ಗಂಟೆ, ಅದೇ ಮನುಷ್ಯ, 56 ವರ್ಷದ ಅನುಭವ. ಹುಡುಗರನ್ನ ಬೆಳೆಸೋದು ಅವನಿಗೆ ಮರೆತುಹೋಯ್ತಾ? ವಯಸ್ಸೂ ಆಗಿತ್ತು, ಒಪ್ಪೋಣ. ಆದ್ರೆ ಕೋಚ್‌ನ ಹೆಸರಿಗೆ ನಾವು ಬರೆದ ಲೆಕ್ಕದಲ್ಲಿ ಒಂದು ದೊಡ್ಡ ಭಾಗ ದೇಶದ ಕಾನೂನಿನದು, ಬಾಗಿಲು ಯಾರಿಗೆ ತೆರೆದಿತ್ತು ಯಾರಿಗೆ ಮುಚ್ಚಿತ್ತು ಅನ್ನೋದರದು.

8/10

ಇದು ಚಿಕ್ಕದು. ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್. 1951ರಿಂದ 78ರವರೆಗೆ ಕೋಚ್. ಇತಿಹಾಸ ಓದೋ ಹುಚ್ಚು, ಹುಡುಗರು ಡಿಗ್ರಿ ಮುಗಿಸಲೇಬೇಕು ಅನ್ನೋ ಹಠ. ಅವನ ಶಿಷ್ಯ ಆರ್ಚಿ ಗ್ರಿಫಿನ್ 1974, 75 ಎರಡೂ ವರ್ಷ ಹೈಸ್ಮನ್ ಗೆದ್ದವನು, ಮುಂದೆ ಅದೇ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿ ಸಂಘದ ಮುಖ್ಯಸ್ಥನಾದ.

1978ರ ಡಿಸೆಂಬರ್ 29ರಂದು, ಗೇಟರ್ ಬೌಲ್ ಪಂದ್ಯದ ಕೊನೇ ನಿಮಿಷಗಳಲ್ಲಿ, ಎದುರು ತಂಡ ಕ್ಲೆಮ್ಸನ್‌ನ ಹುಡುಗನೊಬ್ಬ ಚೆಂಡು ಹಿಡಿದು ಓಡಿಬಂದು ಒಹಾಯೊ ಆಟಗಾರರು ನಿಂತಿದ್ದ ಗೆರೆಯಾಚೆ ಬಿದ್ದ. ಹೇಯ್ಸ್ ಅವನಿಗೆ ಗುದ್ದಿಬಿಟ್ಟ. ಟಿವಿಯಲ್ಲಿ ದೇಶವೇ ನೋಡ್ತು. ಮರುದಿನ ಕೆಲಸದಿಂದ ತೆಗೆದ್ರು. ಅವನಿಗೆ ಆಗ 65 ವರ್ಷ.

ಆ ಚೆಂಡು ಎಸೆದಿದ್ದ ಒಹಾಯೊದ ಮೊದಲ ವರ್ಷದ ಹುಡುಗ ಆರ್ಟ್ ಶ್ಲೀಕ್ಟರ್. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡಬಹುದು ಅನ್ನೋ ನಿಯಮ ಬಂದದ್ದು 1972ರಲ್ಲಿ, ಅದಕ್ಕೆ ಅವನು ಅಷ್ಟು ಬೇಗ ಅಲ್ಲಿದ್ದ. ಮುಂದೆ ಜೂಜಿನ ಚಟಕ್ಕೆ ಬಿದ್ದ, 1983ರಲ್ಲಿ ಎನ್‌ಎಫ್‌ಎಲ್ ಅಮಾನತು ಮಾಡ್ತು, ಆಮೇಲೆ ಜೈಲೂ ಕಂಡ. ಗ್ರಿಫಿನ್‌ಗಾಗಿ ಹೇಯ್ಸ್‌ಗೆ ಪೂರ್ತಿ ಅಂಕ ಕೊಡೋರು ಶ್ಲೀಕ್ಟರ್‌ಗಾಗಿ ಅಂಕ ಕಳೆಯಲ್ಲ. ಕಳೆಯಬೇಕು ಅಂತ ನಾನೂ ಹೇಳಲ್ಲ, ಒಂದೇ ವರ್ಷ ಅವನ ಕೈಯಡಿ ಇದ್ದದ್ದು. ಲೆಕ್ಕ ಹಾಕೋ ರೀತಿ ನೋಡಿ ಅಂತಷ್ಟೇ.

9/10

ಇದು ಓದೋಕೆ ಕಷ್ಟ. ಹಿಂಸೆಯ ವಿಷಯ ಇದೆ, ಬೇಡ ಅನ್ಸಿದ್ರೆ ಮುಂದಿನದಕ್ಕೆ ಹೋಗಿ.

ನೆಬ್ರಾಸ್ಕಾದ ಟಾಮ್ ಓಸ್ಬೋರ್ನ್. ಹುಡುಗರ ಬೆಳವಣಿಗೆ ಬಗ್ಗೆ ಮಾತಾಡೋ ಹಕ್ಕು ಯಾವುದಾದ್ರೂ ಕೋಚ್‌ಗೆ ಇದ್ರೆ ಅದು ಇವನಿಗೆ. ಶಿಕ್ಷಣ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ. ಮೈ ಬೆಳೆಸೋದಕ್ಕಂತೂ ನೆಬ್ರಾಸ್ಕಾ ಮೊದಲೇ ಹೆಸರುವಾಸಿ, 1969ರಲ್ಲೇ ಕಸರತ್ತು ಮಾಡಿಸೋಕೆ ಅಂತ ಸಂಬಳದ ಕೋಚ್ ಇಟ್ಕೊಂಡ ಕಾಲೇಜು. ಮನಸ್ಸಿಗೂ ದಾರಿ ಮಾಡೋಣ ಅಂತ 1991ರಲ್ಲಿ ಓಸ್ಬೋರ್ನ್ ದಂಪತಿ ಒಂದು ಯೋಜನೆ ಶುರು ಮಾಡಿದ್ರು, ಆಟಗಾರರು ಶಾಲೆ ಮಕ್ಕಳಿಗೆ ಅಣ್ಣಂದಿರ ಥರ ಜೊತೆಯಾಗೋದು.

1995ರಲ್ಲಿ ಅವನ ತಂಡದ ಅತ್ಯುತ್ತಮ ಓಟಗಾರ ಲಾರೆನ್ಸ್ ಫಿಲಿಪ್ಸ್. ಬಾಲ್ಯದ ಒಂದು ಭಾಗ ಕ್ಯಾಲಿಫೋರ್ನಿಯಾದ ಆಶ್ರಯ ಮನೆಯಲ್ಲಿ ಕಳೆದವನು. ಆ ಸೆಪ್ಟೆಂಬರಿನಲ್ಲಿ ಅವನು ತನ್ನ ಮಾಜಿ ಗೆಳತಿ ಮೇಲೆ ಕ್ರೂರವಾಗಿ ಕೈಮಾಡಿದ. ಓಸ್ಬೋರ್ನ್ ಅವನನ್ನ ಆರು ಪಂದ್ಯ ಹೊರಗಿಟ್ಟು, ಷರತ್ತು ಹಾಕಿ, ವಾಪಸ್ ತಗೊಂಡ. ಅವನ ವಾದ: ಈ ಹುಡುಗನ ಬದುಕಿನಲ್ಲಿ ಇರೋ ಒಂದೇ ಕಟ್ಟುಪಾಡು ಫುಟ್‌ಬಾಲು, ಅದನ್ನೂ ಕಿತ್ಕೊಂಡ್ರೆ ಪೂರ್ತಿ ಹಾಳಾಗ್ತಾನೆ. ಗೆಲ್ಲೋಕೆ ಹೀಗೆ ಮಾಡಿದ ಅಂತ ಎಷ್ಟೋ ಜನ ಬೈದ್ರು. 1996ರ ಜನವರಿ 2ರಂದು ಫಿಲಿಪ್ಸ್ 165 ಗಜ ಓಡಿದ, ನೆಬ್ರಾಸ್ಕಾ 62-24ರಿಂದ ಫ್ಲೋರಿಡಾವನ್ನ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯ್ತು. ಆ ವರ್ಷ ಅವನು ಎನ್‌ಎಫ್‌ಎಲ್‌ಗೆ ಆರನೇ ಆಯ್ಕೆಯಾಗಿ ಹೋದ. ಅಲ್ಲಿ ನಿಲ್ಲಲಿಲ್ಲ. ಮತ್ತೆ ಮತ್ತೆ ಹಿಂಸೆ, ಕೊನೆಗೆ ದೀರ್ಘ ಜೈಲು. 2016ರ ಜನವರಿಯಲ್ಲಿ, 40ನೇ ವಯಸ್ಸಿಗೆ, ಜೈಲಿನಲ್ಲೇ ಸತ್ತ.

ಓಸ್ಬೋರ್ನ್ ಕಪಟಿ ಅಂತ ನನಗೆ ಅನ್ಸಲ್ಲ. ಅವನು ನಂಬಿದ್ದ. 20 ವರ್ಷದ ಹುಡುಗನ ಮನಸ್ಸಿನಲ್ಲಿ ಮುರಿದದ್ದನ್ನ ತಂಡದ ವೇಳಾಪಟ್ಟಿ ಸರಿಮಾಡುತ್ತೆ ಅಂತ ನಂಬಿದ್ದ. ನನ್ನ ತಕರಾರು ಬೇರೆ. ಆವತ್ತಿನ ಚರ್ಚೆಯಲ್ಲಿ ಹೆಚ್ಚಿನ ಮಾತು ಹುಡುಗನ ಭವಿಷ್ಯದ ಬಗ್ಗೆ. ಏಟು ತಿಂದ ಹುಡುಗಿಯೂ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಅವಳಿಗೂ ಓದು ಇತ್ತು, ಮುಂದಿನ ನಾಲ್ಕು ವರ್ಷ ಇತ್ತು. ಅವಳ ಬೆಳವಣಿಗೆಗೆ ಯಾವ ಕೋಚ್ ಹೊಣೆ?

10/10

489. ಜಾನ್ ಗಲಾರ್ಡಿ.

1943ರಲ್ಲಿ ಕೊಲರಾಡೋದ ಒಂದು ಹೈಸ್ಕೂಲಿನ ಕೋಚ್ ಯುದ್ಧಕ್ಕೆ ಹೋದ. ತಂಡ ಮುಚ್ಚಬೇಕಾಯ್ತು. ಕ್ಯಾಪ್ಟನ್ ಆಗಿದ್ದ 16ರ ಹುಡುಗ, ನಾನೇ ನಡೆಸ್ತೀನಿ ಅಂದ. ಆಟಗಾರನೂ ಅವನೇ, ಕೋಚೂ ಅವನೇ. ತನಗೆ ಹಿಂಸೆ ಅನ್ನಿಸಿದ್ದನ್ನೆಲ್ಲ ಕಿತ್ತುಹಾಕಿದ. ಪ್ರಾಕ್ಟೀಸ್ ಮಧ್ಯೆ ನೀರು ಕುಡೀರಿ ಅಂದ. ಜಂಕ್ಷನ್‌ಗೆ ಹನ್ನೊಂದು ವರ್ಷ ಮುಂಚೆ, ನೆನಪಿಡಿ! ಬಾಯಾರಿಕೆ ಆದ್ರೆ ನೀರು ಕುಡಿಬೇಕು ಅಂತ ಗೊತ್ತಾಗೋಕೆ ಅವನಿಗೆ ಯಾವ ವಿಜ್ಞಾನವೂ ಬೇಕಾಗಲಿಲ್ಲ, ಅವನೇ ಬಾಯಾರಿದ್ದ.

1953ರಿಂದ 2012ರವರೆಗೆ ಮಿನೆಸೋಟದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಕೋಚ್. ಬೆನೆಡಿಕ್ಟೀನ್ ಸನ್ಯಾಸಿಗಳ ಸಂಸ್ಥೆ, ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಅವನ ಪ್ರಾಕ್ಟೀಸಲ್ಲಿ ಸೀಟಿ ಇಲ್ಲ, ಒಬ್ಬರನ್ನೊಬ್ಬರು ಕೆಡವೋದಿಲ್ಲ, ಶಿಕ್ಷೆಗೆ ಮೈದಾನ ಸುತ್ತೋದಿಲ್ಲ, ಒಂದೂವರೆ ಗಂಟೆಗೆ ಮುಗೀತು. ಬಂದ ಯಾರನ್ನೂ ತಂಡದಿಂದ ಕೈಬಿಡ್ತಿರಲಿಲ್ಲ. ಕೋಚ್ ಅಂತ ಕರೀಬಾರದು, ಜಾನ್ ಅನ್ನಬೇಕು. (ನಮ್ಮ ಪಿ.ಟಿ. ಮೇಷ್ಟ್ರನ್ನ ಹೆಸರು ಹಿಡಿದು ಕರೆಯೋದನ್ನ ಒಂದು ಸಲ ಊಹಿಸ್ಕೊಳ್ಳಿ.) ನಾಲ್ಕು ರಾಷ್ಟ್ರೀಯ ಪ್ರಶಸ್ತಿ. 2003ರಲ್ಲಿ 409ನೇ ಗೆಲುವಿನಿಂದ ರಾಬಿನ್ಸನ್‌ನನ್ನ ದಾಟಿದ, ಆ ಸಲ ಪ್ರಶಸ್ತಿನೂ ಅವರದೇ.

ಇವನ ಕತೆಗೂ ಜರಡಿ ಪ್ರಶ್ನೆ ಕೇಳಬೇಕು. ಆಟದ ಸ್ಕಾಲರ್‌ಶಿಪ್ ಇಲ್ಲದ ಕಾಲೇಜಿಗೆ ಫೀಸು ಹೊಂದಿಸಿ ಬರೋ ಹುಡುಗ ಅರ್ಧ ಮಾಗಿಯೇ ಬಂದಿರ್ತಾನೆ. ಸೀಟಿ ಇಲ್ಲದೆ ಕೆಲಸ ಆಗೋದು ಅಂಥವರ ಜೊತೆ ಸುಲಭ. ಫಿಲಿಪ್ಸ್‌ನಂಥವನು ಗಲಾರ್ಡಿ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಒಂದಂತೂ ನಿಜ, ಬಿಸಿಲಲ್ಲಿ ನೀರು ಕೊಡದೇ ಇದ್ರೆ ಮಾತ್ರ ಗೆಲ್ಲೋಕಾಗೋದು ಅನ್ನೋ ವಾದಕ್ಕೆ ಈ 489 ಎದುರು ನಿಂತಿದೆ. ಆ ವಾದ ಇನ್ನೂ ಸತ್ತಿಲ್ಲ. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19ರ ಹುಡುಗ ಪ್ರಾಕ್ಟೀಸಲ್ಲಿ ಶಾಖಾಘಾತ ಆಗಿ ಎರಡು ವಾರದ ನಂತರ ತೀರಿಕೊಂಡ. ಜಂಕ್ಷನ್ ಮುಗಿದು 64 ವರ್ಷ ಆಗಿತ್ತು.

ಕೊನೇದಾಗಿ ಇವತ್ತಿನ ಮಾತು. 1973ರಿಂದ ಬಹಳ ಕಾಲ ಸ್ಕಾಲರ್‌ಶಿಪ್ ಒಂದೊಂದೇ ವರ್ಷದ್ದು, ಮುಂದುವರಿಸೋದು ಬಿಡೋದು ಹೆಚ್ಚುಕಡಿಮೆ ಕೋಚ್ ಕೈಯಲ್ಲಿ. ಬೇರೆ ಕಾಲೇಜಿಗೆ ಹೋದ ಹುಡುಗ ಒಂದು ವರ್ಷ ಆಡದೆ ಕೂರಬೇಕು. ಕೋಚ್ ಮಾತ್ರ ಬೇಕಾದಾಗ ಜಾಸ್ತಿ ಸಂಬಳಕ್ಕೆ ಹೋಗಬಹುದಿತ್ತು, ಅವನು ಒಂದು ದಿನವೂ ಕೂರಬೇಕಿರಲಿಲ್ಲ. 2018ರಲ್ಲಿ ವರ್ಗಾವಣೆ ಪೋರ್ಟಲ್ ಬಂತು. 2021ರಲ್ಲಿ ಒಂದು ಸಲ ಕೂರದೇ ಹೋಗಬಹುದು ಅಂತ ಆಯ್ತು, ಆ ಜುಲೈನಿಂದ ತನ್ನ ಹೆಸರು, ಮುಖ ಬಳಸಿ ದುಡ್ಡೂ ಮಾಡಬಹುದು. 2024ರಲ್ಲಿ, ಓದಿನಲ್ಲಿ ಸರಿ ಇದ್ರೆ ಎಷ್ಟು ಸಲ ಬೇಕಾದ್ರೂ ಹೋಗಬಹುದು ಅಂತ ಆಯ್ತು.

ಅದೇ 2024ರ ಜನವರಿಯಲ್ಲಿ ಅಲಬಾಮಾದ ನಿಕ್ ಸೇಬನ್ ನಿವೃತ್ತನಾದ. ಏಳು ರಾಷ್ಟ್ರೀಯ ಪ್ರಶಸ್ತಿ, ಬ್ರಯಂಟ್‌ಗಿಂತ ಒಂದು ಜಾಸ್ತಿ. ಸೀಸನ್ ಮುಗಿದ ಮೇಲೆ ಆಟಗಾರರ ಜೊತೆ ಮಾತಾಡೋಕೆ ಕೂತ್ರೆ ಬಹುಪಾಲು ಹುಡುಗರು ಕೇಳಿದ್ದು ಎರಡೇ ಅಂತ ಆಮೇಲೆ ಅವನು ಹೇಳಿದ: ಮುಂದಿನ ವರ್ಷ ನಾನು ಆಡೋದು ಖಾತ್ರಿನಾ, ದುಡ್ಡು ಎಷ್ಟು ಕೊಡ್ತೀರಿ. ಇಷ್ಟು ವರ್ಷ ಹುಡುಗರನ್ನ ಬೆಳೆಸೋಕೆ ಅಂತ ದುಡಿದವನಿಗೆ ಅದು ಬೇಸರ ತರಿಸಿತು. ಆ ಬೇಸರ ನನಗೆ ಅರ್ಥ ಆಗುತ್ತೆ. ಆ ಹುಡುಗರ ಪ್ರಶ್ನೆಗಳೂ ಅರ್ಥ ಆಗುತ್ತವೆ. ಜಂಕ್ಷನ್‌ನಿಂದ ರಾತ್ರಿ ಹೊರಟವರಲ್ಲಿ ಕೆಲವರು ನಡ್ಕೊಂಡು ಬಸ್‌ ನಿಲ್ದಾಣದ ತನಕ ಹೋದ್ರು, ಅಲ್ಲಿ ಬೆಳಗಾಗೋ ತನಕ ಕಾದ್ರು.

#ಇತಿಹಾಸ #ಕಾಲೇಜುಫುಟ್‌ಬಾಲ್ #ಜಂಕ್ಷನ್‌ಬಾಯ್ಸ್ #ಎಡ್ಡಿರಾಬಿನ್ಸನ್ #ಜಾನ್‌ಗಲಾರ್ಡಿ #ಕನ್ನಡದಲ್ಲಿಇತಿಹಾಸ